ತಣ್ಣಗಿದ್ದ ಮೋಟರು

ಭತ್ತ ಶುದ್ಧಿ ಮಾಡುವ ಜರಡಿಯ ಮೇಲೆ ಎರಡು ಮೋಟರುಗಳಿರುತ್ತವೆ. ಅವುಗಳ ನಡುವೆ ಬೆಲ್ಟಿಲ್ಲ, ಚೈನಿಲ್ಲ, ಹಲ್ಲಿನ ಚಕ್ರವಿಲ್ಲ. ಒಂದೇ ಕಬ್ಬಿಣದ ಚೌಕಟ್ಟಿಗೆ ಅಕ್ಕಪಕ್ಕ ಬೋಲ್ಟು ಹಾಕಿ ಕೂರಿಸಿರುತ್ತಾರೆ, ಅಷ್ಟೆ. ಸ್ವಿಚ್ಚು ಒತ್ತಿದಾಗ ಒಂದು ಹೀಗೆ, ಒಂದು ಹಾಗೆ, ತಮ್ಮ ತಮ್ಮ ಮನಸ್ಸಿಗೆ ಬಂದಂತೆ ತಿರುಗಲು ಶುರುಮಾಡುತ್ತವೆ. ಚೌಕಟ್ಟು ಒದ್ದಾಡುತ್ತದೆ. ಆಮೇಲೆ ಯಾರೂ ಹೇಳದೆ, ಯಾರೂ ಮುಟ್ಟದೆ, ಎರಡೂ ಒಂದೇ ಲಯಕ್ಕೆ ಬಂದುಬಿಡುತ್ತವೆ. ಒದ್ದಾಟ ನಿಂತು ಜರಡಿ ನೇರವಾಗಿ ನಡುಗತೊಡಗುತ್ತದೆ. ಅದರ ಮೇಲೆ ಭತ್ತ ನೀರಿನ ಹಾಗೆ ಹರಿಯುತ್ತದೆ.

ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಫಿಟ್ಟರನಾಗಿ ನನ್ನ ಕೈಕಾಲು ಗಟ್ಟಿ ಇದ್ದ ವರ್ಷಗಳೆಲ್ಲ ಕಳೆದವು. ಈಗ ಕುರುಗೋಡಿನ ಮನೆಯಲ್ಲಿದ್ದೇನೆ. ಮಧ್ಯಾಹ್ನ ಊಟ ಮಾಡಿ ಅಡ್ಡಾದರೆ ಮಂಚ ನಡುಗುತ್ತಿದೆ ಅನ್ನಿಸುತ್ತದೆ. ಎದ್ದು ನೋಡಿದರೆ ಏನೂ ಇಲ್ಲ. ಕಿಟಕಿಯಾಚೆ ಗುಡ್ಡದ ಬಂಡೆಗಳ ಮೇಲೆ ಬಿಸಿಲು ಸುಮ್ಮನೆ ನಿಂತಿರುತ್ತದೆ. ಆ ನಡುಕ ಮಂಚದ್ದಲ್ಲ, ನನ್ನೊಳಗೆ ಉಳಿದುಹೋದದ್ದು. ಕಣ್ಣು ಮುಚ್ಚಿದರೆ ತೌಡಿನ ಧೂಳು ತುಂಬಿದ ಬೆಳಕು, ಆ ಬೆಳಕಿನೊಳಗೆ ಅರ್ಧ ಕರಗಿದ ಮನುಷ್ಯರು, ಎಲ್ಲರ ಹುಬ್ಬೂ ಬೆಳ್ಳಗೆ.

ಈಗ ಮಿಲ್ಲಿಗೆ ಸೇರುವ ಹುಡುಗರು ಐ.ಟಿ.ಐ. ಮಾಡಿ ಬಂದವರು. ಆಗಾಗ ಫೋನು ಮಾಡಿ, "ಕಾಕಾ, ನಿಮ್ಮ ಕಾಲದಾಗ ಹೆಂಗ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ನಾನು ನಾಲ್ಕನೇ ಕ್ಲಾಸು ದಾಟಿದವನಲ್ಲ. ಬರೆಯುವುದು ನಿಧಾನ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಆ ಹುಡುಗರು ದೊಡ್ಡಬಸಪ್ಪ ಎಂಬ ನನ್ನ ಹೆಸರನ್ನು ಗೌರವದಿಂದ ಹೇಳುತ್ತಾರೆ. ನನ್ನ ತಮ್ಮ ಎರ್ರಿಸ್ವಾಮಿಯ ಹೆಸರು ಬಂದರೆ ನಗುತ್ತಾರೆ. "ಸಿಟ್ಟಿನ ಎರ್ರಿಸ್ವಾಮಿ" ಎಂಬುದು ಮಿಲ್ಲಿನಲ್ಲಿ ಇನ್ನೂ ಬದುಕಿರುವ ಮಾತು. ಅವನನ್ನು ಕಣ್ಣಲ್ಲಿ ನೋಡದವರೂ ಆಡುತ್ತಾರೆ. ಆ ಹೆಸರು ಅವನಿಗೆ ಅಂಟಿಕೊಂಡದ್ದು ನನ್ನಿಂದ. ಅದನ್ನು ಬಿಡಿಸುವ ತನಕ ನನ್ನ ನಡುಕ ನಿಲ್ಲುವುದಿಲ್ಲ.

ನನಗೆ ಕೆಲಸ ಕಲಿಸಿದವರು ನರಸಯ್ಯ ಮೇಸ್ತ್ರಿ. ಮನೆಮಾತು ತೆಲುಗು, ಪಾಠವೂ ಬೈಗುಳವೂ ಕನ್ನಡ. ನಾನು ಸೇರಿದ ಹೊಸತರಲ್ಲಿ ಒಂದು ಮುಂಜಾನೆ ಅವರು ಜರಡಿಯ ಎರಡೂ ಮೋಟರುಗಳ ಪಕ್ಕದ ಮುಚ್ಚಳ ಬಿಚ್ಚಿದರು. ಒಳಗೆ ದಂಡದ ತುದಿಯಲ್ಲಿ ಅರ್ಧಚಂದ್ರದಂಥ ಕಬ್ಬಿಣದ ಬಿಲ್ಲೆ ಇತ್ತು. ಭಾರವೆಲ್ಲ ಒಂದೇ ಪಕ್ಕಕ್ಕೆ. ಅದು ತಿರುಗುವಾಗ ಮೋಟರನ್ನು ಎಳೆದಾಡುತ್ತದೆ, ಮೋಟರು ಚೌಕಟ್ಟನ್ನು ಎಳೆದಾಡುತ್ತದೆ. ಜರಡಿ ಅಲುಗುವುದು ಹಾಗೆ. ಮೇಸ್ತ್ರಿ ಎರಡೂ ಬಿಲ್ಲೆಗಳ ಮೇಲೆ ಬಿಳಿ ಬಣ್ಣದ ಗೀಟು ಎಳೆದರು. ಮೇಲೆ ಟ್ಯೂಬ್‌ಲೈಟು ಉರಿಯುತ್ತಿತ್ತು.

"ಚೂಡರಾ," ಎಂದು ಸ್ವಿಚ್ಚು ಹಾಕಿದರು.

ನಾನು ನೋಡಿದೆ. ಅಷ್ಟು ಜೋರಾಗಿ ತಿರುಗುವ ಬಿಲ್ಲೆಯ ಮೇಲೆ ಗೀಟು ಕಾಣಲೇಬಾರದು. ಆದರೆ ಕಾಣುತ್ತಿತ್ತು. ಟ್ಯೂಬ್‌ಲೈಟು ನಮಗೆ ತಿಳಿಯದ ಹಾಗೆ ಮಿಟುಕುತ್ತಿರುತ್ತದಂತೆ. ಅದರ ಮಿಟುಕಿನಲ್ಲಿ ಗೀಟು ಸಿಕ್ಕಿಬಿದ್ದು, ಕಾಲುವೆ ನೀರಿನ ಮೇಲಿನ ಎಲೆಯಂತೆ ನಿಧಾನವಾಗಿ ಹಿಂದಕ್ಕೆ ತೇಲುತ್ತಿತ್ತು. ಮೊದಲು ಎರಡು ಗೀಟುಗಳೂ ಬೇರೆ ಬೇರೆ ವೇಗದಲ್ಲಿ ತೇಲಿದವು. ಒಂದು ಸ್ವಲ್ಪ ಚುರುಕು, ಒಂದು ಸ್ವಲ್ಪ ಮಂದ. ನಾನು ರೆಪ್ಪೆ ಬಡಿಯುವುದರೊಳಗೆ ಏನಾಯಿತೋ, ಎರಡೂ ಕೈ ಹಿಡಿದುಕೊಂಡವರಂತೆ ಒಂದೇ ಸಮನೆ ತೇಲತೊಡಗಿದವು.

"ಇವೆರಡೂ ಅಣ್ಣ ತಮ್ಮ ಅದಾವ್ರಾ," ಎಂದರು ಮೇಸ್ತ್ರಿ. "ಮಾತಾಡಂಗಿಲ್ಲ, ಮುಖ ನೋಡಂಗಿಲ್ಲ. ಆದ್ರ ಒಬ್ಬನ ಹೆಜ್ಜಿ ಇನ್ನೊಬ್ಬನಿಗೆ ಈ ಕಬ್ಬಿಣದಾಗ ಕೇಳ್ತೈತಿ. ಕೇಳಿದ ಮ್ಯಾಲೆ ಬ್ಯಾರೆ ಹೆಜ್ಜಿ ಹಾಕಾಕ ಆಗಂಗಿಲ್ಲ."

ಎಷ್ಟೋ ದಿನ ಬುತ್ತಿ ಬಿಚ್ಚುವುದು ಮರೆತು ಆ ಗೀಟುಗಳನ್ನು ನೋಡುತ್ತಾ ನಿಂತಿದ್ದೇನೆ. ಈಗ ಮಿಲ್ಲಿನಲ್ಲಿ ಎಲ್ಇಡಿ ದೀಪಗಳು ಬಂದಿವೆ. ಅವುಗಳ ಬೆಳಕಿನಲ್ಲಿ ಗೀಟು ತೇಲುವುದಿಲ್ಲ, ಬರೀ ಮಬ್ಬು ಕಾಣುತ್ತದೆ. ಹೊಸ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಎರ್ರಿಸ್ವಾಮಿಯನ್ನು ಮಿಲ್ಲಿಗೆ ಕರೆತಂದವನು ನಾನೇ. ನಮ್ಮಪ್ಪ ತೀರಿಕೊಂಡ ಮೇಲೆ ಅವನು ಕುರುಗೋಡಿನಲ್ಲಿ ಪಂಕ್ಚರ್ ಅಂಗಡಿಯೊಂದರ ಮುಂದೆ ಕೂತಿರುತ್ತಿದ್ದ. ಮೇಸ್ತ್ರಿ ಅವನ ಕೈ ಹಿಡಿದು ನೋಡಿ, "ಇದು ಕೇಳೋ ಕೈ," ಎಂದಿದ್ದರು. ನಿಜ. ಅವನು ಚೌಕಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರೆ ಜರಡಿಯನ್ನು ಹೊತ್ತ ಯಾವ ಸ್ಪ್ರಿಂಗು ಸೋತಿದೆ, ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳುತ್ತಿದ್ದ. ಮೇಸ್ತ್ರಿ ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ನಾನು ದೊಡ್ಡ ಫಿಟ್ಟರು, ಅವನು ಸಣ್ಣ ಫಿಟ್ಟರು ಎಂದಾಯಿತು. ವಯಸ್ಸಿನ ಲೆಕ್ಕ ಅದು, ಕೈಯ ಲೆಕ್ಕವಲ್ಲ.

ನನ್ನ ತಪ್ಪುಗಳಲ್ಲಿ ಮೊದಲನೆಯದನ್ನು ಹೇಳುತ್ತೇನೆ, ಹೊಸಬರಿಗೆ ಉಪಯೋಗವಾದೀತು. ಜರಡಿ ಶುರುವಾಗುವಾಗ ನಡುವೆ ಒಂದು ಕಡೆ ಹುಚ್ಚೆದ್ದು ಕುಣಿಯುತ್ತದೆ. ಮೋಟರು ಮೆಲ್ಲಗೆ ವೇಗ ಏರುವಾಗ ಚೌಕಟ್ಟಿನ ಸ್ವಂತ ಲಯ ಒಂದು ಎದುರಾಗುತ್ತದೆ. ಆ ಜಾಗದಲ್ಲಿ ಕುಣಿತ. ದಾಟಿದರೆ ಮತ್ತೆ ಶಾಂತ. ಬೇಸಿಗೆ ಬೆಳೆಯ ಹೊತ್ತಿಗೆ ರಾರಾವಿಯ ಕಡೆ ಹೊಳೆದಂಡೆಯ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುತ್ತಿದ್ದವು, ನಮ್ಮ ಕರೆಂಟು ಸೊರಗುತ್ತಿತ್ತು. ಒಂದು ದಿನ ಜರಡಿ ಶುರುಮಾಡಿದೆ. ಮೋಟರು ಏರುತ್ತಾ ಬಂದು ಆ ಕುಣಿತದ ಜಾಗದಲ್ಲೇ ಸಿಕ್ಕಿಕೊಂಡಿತು. ಮುಂದಕ್ಕೆ ಹೋಗಲು ಶಕ್ತಿ ಇಲ್ಲ. ಇದ್ದ ಶಕ್ತಿಯನ್ನೆಲ್ಲ ಕುಣಿತವೇ ತಿನ್ನುತ್ತಿತ್ತು. ಇನ್ನೊಂದು ಚಣ, ಇನ್ನೊಂದು ಚಣ, ಏರುತ್ತದೆ ಎಂದು ನಾನು ಕಾದೆ. ಭತ್ತ ಛಾವಣಿಯ ತನಕ ಹಾರಿತು. ಹಮಾಲರು ಚೀಲ ಬಿಟ್ಟು ಓಡಿದರು. ಎರ್ರಿಸ್ವಾಮಿ ಎಲ್ಲಿಂದಲೋ ಬಂದು ನನ್ನನ್ನು ತಳ್ಳಿ ಸ್ವಿಚ್ಚು ಕಿತ್ತ.

"ಏನ್ ನೋಡ್ಕೊಂತ ನಿಂತಿಯಣ್ಣ, ಜಾತ್ರಿ ಐತೇನಿಲ್ಲಿ?" ಎಂದು ಕೂಗಾಡಿದ. "ದಾಟಬೇಕು, ಇಲ್ಲಾ ನಿಂದ್ರಬೇಕು. ನಡುವ ನಿಂತು ಕುಣೀಬಾರ್ದು!"

ಎಲ್ಲರ ಮುಂದೆ ತಮ್ಮ ಅಣ್ಣನಿಗೆ ಕೂಗಿದ ಎಂದು ಮಿಲ್ಲಿನಲ್ಲಿ ಸುದ್ದಿಯಾಯಿತು. ನಾಲ್ಕು ಬೋಲ್ಟು ತುಂಡಾದದ್ದು, ಯಾರ ಕಾಲೂ ತುಂಡಾಗದಿದ್ದದ್ದು ಸುದ್ದಿಯಾಗಲಿಲ್ಲ. ಅವನು ಜರಡಿಯ ಮೇಲಿನ ಭತ್ತವನ್ನೆಲ್ಲ ಇಳಿಸಿ, ಹೊಸ ಬೋಲ್ಟು ಹಾಕಿ, ಕರೆಂಟು ಸುಧಾರಿಸುವ ತನಕ ಕಾದು, ಖಾಲಿ ಜರಡಿಯನ್ನು ಒಂದೇ ಏಟಿಗೆ ದಾಟಿಸಿದ. ಮಿಲ್ಲಿನ ಸಾವ್ಕಾರರು ಬರುವ ಹೊತ್ತಿಗೆ ಎಲ್ಲ ಸರಿಯಾಗಿತ್ತು. ಅವರು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಇನ್ನು ಕೈಯ ವಿಷಯ. ನಡುಗುವ ಕಬ್ಬಿಣದ ಮೇಲೆ ವರ್ಷಗಟ್ಟಲೆ ಕೈ ಇಟ್ಟವರಿಗೆ ಬೆರಳು ಸಾಯುತ್ತವೆ. ನನಗೆ ಅದು ಚಳಿಗಾಲದ ಒಂದು ಬೆಳಿಗ್ಗೆ ಗೊತ್ತಾಯಿತು. ಬೆರಳ ತುದಿಗಳು ಸುಣ್ಣದಂತೆ ಬೆಳ್ಳಗಾಗಿದ್ದವು, ಉಜ್ಜಿದರೂ ಬಣ್ಣ ಬರಲಿಲ್ಲ. ಆಮೇಲೆ ಬಣ್ಣ ಬಂತು, ಸ್ಪರ್ಶ ಬರಲಿಲ್ಲ. ಜರಡಿ ಮುಟ್ಟಿದರೆ ಗೋಡೆ ಮುಟ್ಟಿದ ಹಾಗೆ. ಕೈಯ ಹಿಂಭಾಗಕ್ಕೆ ಮಾತ್ರ ಬಿಸಿ ತಣ್ಣಗೆ ತಿಳಿಯುತ್ತಿತ್ತು. ಹುಡುಗರೇ, ನೀವು ಕೈಗವಸು ಹಾಕಿಕೊಳ್ಳಿ, ನಡುಗುವುದನ್ನು ಹಿಡಿದುಕೊಂಡು ನಿಲ್ಲಬೇಡಿ. ನಮಗೆ ಯಾರೂ ಹೇಳಿರಲಿಲ್ಲ.

ಫಿಟ್ಟರನ ಕೈ ಸತ್ತರೆ ಫಿಟ್ಟರೇ ಸತ್ತ ಹಾಗೆ. ನಾನು ಯಾರಿಗೂ ಹೇಳಲಿಲ್ಲ, ಎರ್ರಿಸ್ವಾಮಿಗೂ. ಅವನು ಒಮ್ಮೆ ಕೇಳಿದ್ದ. ಚೌಕಟ್ಟಿನ ಮೇಲೆ ನನ್ನ ಕೈ ಇಡಿಸಿ, "ಅಣ್ಣ, ಎಡಗಡಿ ಒಂದು ಸಣ್ಣ ನಡುಕ ಐತಿ, ತಿಳಿತೈತೇನು?" ಎಂದ. "ಹೂಂ, ತಿಳಿತೈತಿ," ಎಂದೆ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕೇಳಲಿಲ್ಲ.

ಆ ದಿನದಿಂದ ಅವನು ಮಾತಾಡುವ ರೀತಿ ಬದಲಾಯಿತು. ಮೊದಲು ತಾನು ಜರಡಿ ಮುಟ್ಟುತ್ತಿದ್ದ. ನಂತರ ನಾನು ಮುಟ್ಟಿದಾಗ ಪಕ್ಕದಲ್ಲಿ ನಿಂತು, "ಹಿಂದಿನ ಸ್ಪ್ರಿಂಗು ಸೋತೈತಿ ಅಂತೀಯೇನಣ್ಣ?" ಎನ್ನುತ್ತಿದ್ದ, ನಾನೇ ಹೇಳಿದ ಮಾತನ್ನು ತಿರುಗಿ ಕೇಳುವವನಂತೆ. ನಾನು ತಲೆಯಾಡಿಸುತ್ತಿದ್ದೆ. ನಿಂತವರು, "ದೊಡ್ಡಬಸಪ್ಪನ ಕೈ ಅಂದ್ರ ಕೈ!" ಎನ್ನುತ್ತಿದ್ದರು. ಇದು ಒಂದು ದಿನದ ಮಾತಲ್ಲ, ಎಷ್ಟೋ ಸುಗ್ಗಿಗಳ ಮಾತು. ನನ್ನ ಕೆಲಸವನ್ನೂ ಅವನ ಕೆಲಸವನ್ನೂ ಅವನೊಬ್ಬನೇ ಮಾಡುತ್ತಿದ್ದ. ಮಾಡಿದ್ದು ಕಾಣದ ಹಾಗೆ ಮಾಡುವುದು ಮೂರನೇ ಕೆಲಸ. ದುಡಿದು ದುಡಿದು ಕಾದು ಅವನ ಮಾತು ಖಾರವಾಯಿತು. ಹಮಾಲರ ಜೊತೆ ಜಗಳ, ಡ್ರೈವರುಗಳ ಜೊತೆ ಜಗಳ. ನಾನು ನೆಮ್ಮದಿಯಾಗಿದ್ದೆ. ನೆಮ್ಮದಿಯಾಗಿರುವವನು ಎಲ್ಲರಿಗೂ ಒಳ್ಳೆಯವನು.

ನಮ್ಮ ಮಿಲ್ಲಿನ ಧಣಿ ಗಾದಿಲಿಂಗಪ್ಪ ಸಾವ್ಕಾರರು ಕೆಟ್ಟವರಲ್ಲ. ಅಕ್ಕಿಯನ್ನು ಕ್ಯಾಮೆರಾ ಕಣ್ಣಿನಿಂದ ನೋಡಿ ಕಪ್ಪು ಕಾಳನ್ನು ಗಾಳಿ ಊದಿ ಹಾರಿಸುವ ಹೊಸ ಮಷೀನು ಬಂದಾಗ, ಅದರ ರಿಪೇರಿಗೆ ಕಂಪನಿಯವರೇ ಬರುತ್ತಾರೆ ಎಂದಾದಾಗ, ಅವರು ನನ್ನನ್ನು ಕರೆದರು. ಕರೂರಿನ ಭತ್ತದ ಮಾದರಿಯನ್ನು ಅಂಗೈ ಮೇಲೆ ಹರಡಿಕೊಂಡು ಕೂತಿದ್ದರು.

"ದೊಡ್ಡಬಸಪ್ಪ, ಇನ್ನ ಮ್ಯಾಲೆ ಇಬ್ರು ಫಿಟ್ಟರ್ ಬೇಕಾಗಂಗಿಲ್ಲಪ್ಪ," ಎಂದರು. "ನಿನ್ನ ಕೈಗುಣ ನನಗ ಗೊತ್ತೈತಿ. ನಿನ್ನ ತಮ್ಮ ನೋಡಿದ್ರ ಯಾವಾಗ್ಲೂ ಕಾದ ಹಂಚು. ನೀ ಏನಂತಿ?"

ಹೊರಗೆ ಜರಡಿ ಓಡುತ್ತಿತ್ತು. ಅದರ ಸದ್ದು ನೆಲದಿಂದ ನನ್ನ ಪಾದಕ್ಕೆ ಬರುತ್ತಿತ್ತು. 'ಧಣಿ, ಆ ಕೈಗುಣ ಅವನದು' ಎನ್ನುವ ಮಾತು ನಾಲಿಗೆಯ ತನಕ ಬಂತು. ಮಗಳ ಮದುವೆ ಗೊತ್ತಾಗಿತ್ತು. ಅದನ್ನು ನೆಪ ಎಂದು ಬರೆಯುತ್ತಿಲ್ಲ. ಮದುವೆ ಗೊತ್ತಾಗಿರದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆನೇನೋ.

"ಅವನಿಗೆ ಸ್ವಲ್ಪ ಸಿಟ್ಟು ಜಾಸ್ತಿರಿ, ಧಣಿ," ಎಂದೆ.

ಇಷ್ಟೇ ನಾನು ಹೇಳಿದ್ದು. ಸುಳ್ಳೂ ಅಲ್ಲ. ಸುಳ್ಳಲ್ಲದ ಕಾರಣ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯೂ ಇರಲಿಲ್ಲ.

ಎರ್ರಿಸ್ವಾಮಿ ಜಗಳ ಮಾಡುತ್ತಾನೆ ಎಂದು ಎಲ್ಲರೂ ಕಾದರು. ಅವನು ಮಾಡಲಿಲ್ಲ. ಬೋಲ್ಟು ಬಿಚ್ಚುವ ಪಾನಾಗಳನ್ನು ಬಟ್ಟೆಯಲ್ಲಿ ಒರೆಸಿ ಗೋಡೆಯ ಮೊಳೆಗಳಿಗೆ ಸಾಲಾಗಿ ನೇತುಹಾಕಿದ. ಕೈ ತೊಳೆದುಕೊಂಡು ಬಂದು, "ಬರ್ತೀನಣ್ಣ," ಎಂದ. ಬಾಗಿಲ ತನಕ ಹೋಗಿ ಮತ್ತೆ ತಿರುಗಿದ.

"ಎಡಗಡಿ ಸ್ಪ್ರಿಂಗು ಇಷ್ಟರಾಗ ಸೋಲತೈತಿ. ಕೈ ಇಟ್ಟು ನೋಡಬ್ಯಾಡ. ಜರಡಿ ಕಾಲಿನ ಪಕ್ಕ ನೆಲದ ಮ್ಯಾಲೆ ಒಂದು ಲೋಟ ನೀರು ಇಡು. ಮ್ಯಾಲೆ ಚಿಟಿಕಿ ತೌಡು ಉದುರಿಸು. ತೌಡು ಸುಮ್ನ ನಿಂತ್ರ ಸ್ಪ್ರಿಂಗು ಸರಿ ಐತಿ. ಉಂಗುರ ಉಂಗುರ ಆಗಿ ಸರಿದಾಡಿದ್ರ ಸೋತೈತಿ ಅಂತ ತಿಳ್ಕೋ."

ಹೊರಟುಹೋದ. ಅವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನ ಸತ್ತ ಕೈಗೆ ಬದಲಿಯಾಗಿ ಒಂದು ಲೋಟ ನೀರು ಕೊಟ್ಟು ಹೋದ. ಆ ಲೋಟದಿಂದಲೇ ಮುಂದಿನ ವರ್ಷಗಳನ್ನು ದೂಡಿದೆ. ಹೊಸ ಹುಡುಗರು ಅದನ್ನು "ದೊಡ್ಡಬಸಪ್ಪನ ಲೋಟ" ಎಂದು ಕರೆದರು. ಈಗಲೂ ಸಿರುಗುಪ್ಪದ ಬೇರೆ ಮಿಲ್ಲುಗಳಲ್ಲಿ ಆ ಮಾತಿದೆಯಂತೆ. ಇಂದಿನಿಂದ ಅದನ್ನು ಎರ್ರಿಸ್ವಾಮಿಯ ಲೋಟ ಎನ್ನಿ.

ಒಬ್ಬನೇ ಆದ ಮೇಲಿನ ದಿನಗಳು ನನಗೆ ಬಿಡಿಬಿಡಿಯಾಗಿ ನೆನಪಿಲ್ಲ. ನಿದ್ದೆಗಣ್ಣಲ್ಲಿ ಬಸ್ಸಿನ ಕಿಟಕಿಯಿಂದ ಗದ್ದೆ ನೋಡಿದ ಹಾಗೆ, ಹಸಿರು ಹೋಗುತ್ತದೆ, ಹಳದಿ ಬರುತ್ತದೆ, ನೀರು ಮಿಂಚುತ್ತದೆ. ಒಂದು ದಿನ ಮಾತ್ರ ಪೂರ್ತಿ ಎಚ್ಚರದಲ್ಲಿದೆ.

ಸುಗ್ಗಿಯ ಕಾಲ. ಜರಡಿಯ ಬಲಗಡೆ ಮೋಟರು ಕಾಯುತ್ತಿದೆ ಎಂದು ಹುಡುಗರು ಹೇಳಿದರು. ಕೈಯ ಹಿಂಭಾಗ ಇಟ್ಟು ನೋಡಿದೆ. ಚುರ್ ಎಂದಿತು. ಎಡಗಡೆಯದನ್ನು ಮುಟ್ಟಿದೆ, ಮಣ್ಣಿನ ಬಿಂದಿಗೆಯಷ್ಟು ತಣ್ಣಗಿತ್ತು. ಎರಡೂ ಒಂದೇ ಲಯದಲ್ಲಿ ತಿರುಗುತ್ತಿದ್ದವು. ಟ್ಯೂಬ್‌ಲೈಟಿನ ಕೆಳಗೆ ಎರಡೂ ಗೀಟುಗಳು ಜೊತೆಜೊತೆಯಾಗಿ ತೇಲುತ್ತಿದ್ದವು. ತೀರ್ಪು ಸುಲಭವಿತ್ತು. ಬಿಸಿಯಾದದ್ದು ಕೆಟ್ಟಿದೆ, ತಣ್ಣಗಿದ್ದದ್ದು ಚೆನ್ನಾಗಿದೆ.

"ಬಲಗಡಿದು ಬಿಚ್ಚ್ರಲೇ," ಎಂದೆ. ಬದಲಿ ಮೋಟರು ಕೂರಿಸಿ, ಬಿಸಿಯಾದದ್ದನ್ನು ಬಸ್ಸಿನಲ್ಲಿ ಹಾಕಿಕೊಂಡು ಬಳ್ಳಾರಿಗೆ ಹೋದೆ. ಕೋಟೆ ಗುಡ್ಡದ ಕೆಳಗೆ ಖಾದರ್‌ಸಾಬರ ಅಂಗಡಿ. ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ಅವರು ಮೋಟರು ಬಿಚ್ಚಿದರು, ಮೂಸಿದರು, ಮೀಟರು ಹಿಡಿದರು.

"ಅರೆ ಬಸಪ್ಪಣ್ಣ, ಇದರಾಗ ಏನೂ ಖರಾಬ್ ಇಲ್ಲ," ಎಂದರು. "ಪಾಪ, ಭಾಳ ದುಡಿದೈತಿ ಅಷ್ಟ. ಇದನ್ನ್ಯಾಕ ಹೊತ್ಕೊಂಡು ಬಂದ್ರಿ? ತಪ್ಪು ಆರೋಪಿ ಹಿಡ್ಕೊಂಡು ಬಂದೀರಿ ನೋಡ್ರಿ!"

ನಗುತ್ತಾ ಹೇಳಿದ ಮಾತು. ನಾನೂ ನಕ್ಕೆ. ತಿರುಗಿ ಬಂದರೆ ಬದಲಿ ಮೋಟರೂ ಅದೇ ಜಾಗದಲ್ಲಿ ಕಾಯುತ್ತಿತ್ತು.

ಆ ವಾರ ಮಿಲ್ಲಿಗೆ ಡ್ರೈವ್ ಎಂಬ ಪೆಟ್ಟಿಗೆ ಕೂರಿಸಲು ಒಬ್ಬ ಇಂಜಿನಿಯರ್ ಹೆಣ್ಣುಮಗಳು ಬಂದಿದ್ದಳು. ಕರೆಂಟನ್ನೇ ತುಂಡುಮಾಡಿ ಜೋಡಿಸಿ ಮೋಟರಿನ ವೇಗವನ್ನು ಬೇಕಾದ ಹಾಗೆ ಏರಿಸುವ ಪೆಟ್ಟಿಗೆ ಅದು. ಒಳಗೆ ತಿರುಗುವ ಭಾಗವೇ ಇಲ್ಲ, ಉಗುರಿನಷ್ಟು ಸಿಲಿಕಾನ್ ತುಣುಕುಗಳು ಮಾತ್ರ. ಜರಡಿ ಕುಣಿಯುವ ಆ ಕೆಟ್ಟ ಜಾಗವನ್ನು ಪೆಟ್ಟಿಗೆಗೆ ಮೊದಲೇ ತಿಳಿಸಿಟ್ಟರೆ ಅಲ್ಲಿ ನಿಲ್ಲದೆ ದಾಟಿಸುತ್ತದೆ. ನನ್ನ ತಮ್ಮ ಕೂಗಿ ಹೇಳಿದ್ದನ್ನು ಅದು ಸದ್ದಿಲ್ಲದೆ ಮಾಡುತ್ತಿತ್ತು.

ಅವಳಿಗೆ ಕಾದ ಮೋಟರಿನ ಕಥೆ ಹೇಳಿದೆ. ಅವಳು ಇಕ್ಕಳದಂತೆ ಬಾಯಿ ತೆರೆಯುವ ಮೀಟರನ್ನು ಎರಡೂ ಕೇಬಲ್ಲುಗಳಿಗೆ ಒಂದಾದ ಮೇಲೊಂದು ಕಚ್ಚಿಸಿದಳು. ಎರಡನೆಯದರ ಬಳಿ ಸ್ವಲ್ಪ ಹೊತ್ತು ನಿಂತಳು.

"ಅಂಕಲ್, ತಣ್ಣಗಿದೆಯಲ್ಲ, ಈ ಎಡಗಡೆ ಮೋಟರಿಗೆ ಕರೆಂಟೇ ಹೋಗ್ತಾ ಇಲ್ಲ," ಎಂದಳು.

"ತಿರಗಾಕ ಹತ್ತೇತಲ್ಲ ತಾಯಿ?"

"ತಾನಾಗಿ ತಿರುಗ್ತಾ ಇಲ್ಲ. ಪಕ್ಕದ್ದು ಚೌಕಟ್ಟನ್ನ ಅಲುಗಾಡಿಸ್ತಾ ಇದೆ, ಚೌಕಟ್ಟು ಇದನ್ನ ತಿರುಗಿಸ್ತಾ ಇದೆ. ಒಂದು ಸಲ ಲಯ ಕೂಡಿದ ಮೇಲೆ ಒಂದಕ್ಕೆ ಕರೆಂಟು ಹೋದರೂ ಇನ್ನೊಂದು ಅದನ್ನ ಬಿಡಲ್ಲ, ಎಳ್ಕೊಂಡೇ ಓಡುತ್ತೆ. ಎರಡರ ಕೆಲಸ ಒಂದೇ ಮಾಡ್ತಿದೆ ಪಾಪ. ಅದಕ್ಕೇ ಬಿಸಿ. ಕೆಟ್ಟಿರೋದು ತಣ್ಣಗಿರೋದು, ಅಂಕಲ್."

ನನಗೆ ನಂಬಿಕೆ ಬರಲಿಲ್ಲ. ಅವಳು ಎಡಗಡೆ ಮೋಟರಿನ ಸ್ವಿಚ್ಚನ್ನೇ ಬಂದ್ ಮಾಡಿ ತೋರಿಸಿದಳು. ಅದು ತಿರುಗುತ್ತಲೇ ಇತ್ತು. ಸ್ವಿಚ್ಚು ಬಂದ್ ಆದದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಆಮೇಲೆ ಎರಡನ್ನೂ ನಿಲ್ಲಿಸಿ ಕೇಬಲ್ಲು ಕೊಯ್ದು ನೋಡಿದೆವು. ರಬ್ಬರಿನೊಳಗೆ ತಂತಿಗಳು ಬಾಗಿದ ಕಡೆ ತುಂಡಾಗಿದ್ದವು. ನಿಂತಿದ್ದಾಗ ತುದಿಗೆ ತುದಿ ತಾಗಿರುತ್ತಿತ್ತು. ಆದ್ದರಿಂದ ಶುರುಮಾಡಿದಾಗಲೆಲ್ಲ ತಿರುಗುತ್ತಿತ್ತು. ನಡುಕ ಶುರುವಾದ ಕೂಡಲೇ ತುದಿಗಳು ದೂರವಾಗುತ್ತಿದ್ದವು. ಅಲ್ಲಿಂದ ಮುಂದೆ ಅದರ ಓಟವೆಲ್ಲ ಪಕ್ಕದವನ ಬೆವರು.

ನಾನು ಭತ್ತದ ಚೀಲದ ಮೇಲೆ ಕೂತೆ. ಅವಳು ಹುಡುಗರಿಗೆ ಏನೋ ವಿವರಿಸುತ್ತಿದ್ದಳು. ಧೂಳಿನ ಬೆಳಕಿನಲ್ಲಿ ಗೋಡೆಯ ಮೇಲೆ ಪಾನಾಗಳು ಸಾಲಾಗಿ ನೇತಾಡುತ್ತಿದ್ದವು, ಎರ್ರಿಸ್ವಾಮಿ ಹಾಕಿಹೋದ ಕ್ರಮದಲ್ಲೇ. 'ಕಾದ ಹಂಚು' ಎಂದಿದ್ದರು ಸಾವ್ಕಾರರು. ಹೌದು ಎಂದು ಕೆಲಸ ಮಾಡುವ ಮೋಟರನ್ನು ಬಿಚ್ಚಿಕೊಟ್ಟವನು ನಾನು.

ಅವತ್ತೇ ಹೋಗಿ ಹೇಳಬೇಕಿತ್ತು. ಸಾವ್ಕಾರರು ಏನಾಗಿತ್ತು ಎಂದು ಕೇಳಿದರು. "ಕೇಬಲ್ಲು ಹೋಗಿತ್ರಿ," ಎಂದೆ. ಕೆಲಸ ಬಿಡುವ ದಿನ ಹೆಗಲಿಗೆ ಶಾಲು ಹಾಕಿದರು, ಹಮಾಲರು ಹಾರ ಹಾಕಿದರು, ನಾಲ್ಕು ಮಾತಾಡು ಎಂದರು. ಎದ್ದು ನಿಂತೆ. ಲೋಟದ ಕಥೆಯನ್ನು ಯಾರೋ ಹೇಳು ಹೇಳು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಲೋಟ ಯಾರದೆಂದು ಹೇಳದೆ ಕೈಮುಗಿದು ಕೂತೆ.

ಹೊಸ ಹುಡುಗರಿಗೆ ನಾನು ಹೇಳುವುದು ಇಷ್ಟು. ಎರಡು ಯಂತ್ರ ಜೊತೆಯಾಗಿ ಓಡುವಾಗ ಯಾವುದು ದುಡಿಯುತ್ತಿದೆ ಎಂದು ಓಟ ನೋಡಿ ಹೇಳಬೇಡಿ. ಒಂದೊಂದರ ಕೇಬಲ್ಲಿಗೂ ಮೀಟರು ಕಚ್ಚಿಸಿ. ಕಾದದ್ದನ್ನು ಬಿಚ್ಚುವ ಮೊದಲು ತಣ್ಣಗಿರುವುದನ್ನು ವಿಚಾರಿಸಿ.

ಕಳೆದ ಶ್ರಾವಣದಲ್ಲಿ ಸಿರುಗುಪ್ಪಕ್ಕೆ ಹೋದೆ. ಸಾವ್ಕಾರರಿಗೆ ಈಗ ಮಾತು ಕಡಿಮೆ. ಮಿಲ್ಲು ಮಗ ನೋಡಿಕೊಳ್ಳುತ್ತಾನೆ. ತಂದೆ ಮಗ ಇಬ್ಬರೂ ಇದ್ದರು, ಬಾಗಿಲಲ್ಲಿ ಈಗಿನ ಫಿಟ್ಟರ್ ಹುಡುಗರೂ ಇದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಕೈ ಸತ್ತದ್ದು, ತಮ್ಮ ನಡೆಸಿದ್ದು, ಲೋಟ ಅವನದು, ಅವತ್ತು ನಾನು ಆಡಿದ ಮಾತು.

"ಇರ್ಲಿ ಬಿಡ್ರಿ ಕಾಕಾ, ಹಳೇ ಮಾತು ಈಗ್ಯಾಕ?" ಎಂದ ಮಗ.

ಸಾವ್ಕಾರರು ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದರು. "ನಾನರ ಅವನ್ನ ಕೇಳಬೇಕಿತ್ತು," ಎಂದರು. ಚಾ ತರಿಸು ಎಂದು ಮಗನಿಗೆ ಸನ್ನೆ ಮಾಡಿದರು. ಬಾಗಿಲಲ್ಲಿದ್ದ ಹುಡುಗರು ನಗಲಿಲ್ಲ. ನನಗೆ ಅದು ಸಾಕಾಗಿತ್ತು. ಬಳ್ಳಾರಿ ಬಸ್ಸು ಹತ್ತಿದೆ.

ಎರ್ರಿಸ್ವಾಮಿ ಬಳ್ಳಾರಿಯಲ್ಲಿ ಒಂದು ಜೀನ್ಸ್ ಪ್ಯಾಂಟ್ ಹೊಲಿಯುವ ಯೂನಿಟ್ಟಿನಲ್ಲಿ ಮೆಕ್ಯಾನಿಕ್. ಇಷ್ಟು ವರ್ಷ ಮದುವೆ, ತಿಥಿಗಳಲ್ಲಿ ಸಿಗುತ್ತಿದ್ದೆವು, ಮಕ್ಕಳ ವಿಷಯ ಮಾತಾಡುತ್ತಿದ್ದೆವು. ಮಿಲ್ಲಿನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ನಾನು ಹೋದಾಗ ಅವನು ಒಂದು ಹೊಲಿಗೆ ಯಂತ್ರದ ಕೆಳಗೆ ತಲೆ ಹಾಕಿದ್ದ. ಯೂನಿಟ್ಟಿನ ತುಂಬ ನೀಲಿ ಧೂಳು. ಸಾಲು ಸಾಲು ಹೆಣ್ಣುಮಕ್ಕಳ ಹುಬ್ಬೂ ನೀಲಿ, ಅವನ ಹುಬ್ಬೂ ನೀಲಿ.

"ಓಹೋ, ಪಿಂಚಣಿ ದೊರಿ ಬಂದಾನ ನೋಡ್ರಬೇ," ಎಂದ ಹೆಣ್ಣುಮಕ್ಕಳಿಗೆ ಕೇಳುವಂತೆ. "ಏನಣ್ಣ, ಮನ್ಯಾಗ ಅತ್ತಿಗಿ ಬೈದು ಹೊರಗ ಹಾಕಿದಳೇನು?"

"ಮಿಲ್ಲಿಗೆ ಹೋಗಿದ್ದೆ," ಎಂದೆ. "ಎಲ್ಲಾ ಹೇಳಿ ಬಂದೆ."

ಅವನು ಪಾನಾ ಕೆಳಗಿಟ್ಟ. ಏನು ಹೇಳಿದೆ ಎಂದು ಕೇಳಲಿಲ್ಲ.

"ಏನಂದ್ರು?"

"ಅವನ್ನ ಕೇಳಬೇಕಿತ್ತು ಅಂದ್ರು. ಆಮ್ಯಾಲೆ ಚಾ ಕೊಟ್ರು."

"ಚಾ ಹೆಂಗಿತ್ತು?"

"ಸಕ್ರಿ ಜಾಸ್ತಿ ಇತ್ತು."

"ಅದೊಂದು ಬದಲಾಗಿಲ್ಲ ಬಿಡು ಹಂಗಾರ," ಎಂದು ನಕ್ಕ. ಸುತ್ತ ಯಂತ್ರಗಳು ಓಡುತ್ತಿದ್ದವು. ಉದ್ದನೆಯ ಒಂದೇ ಮೇಜಿಗೆ ಸಾಲಾಗಿ ಕಟ್ಟಿದ ಯಂತ್ರಗಳು ಒಮ್ಮೆ ಬೇರೆ ಬೇರೆಯಾಗಿ, ಒಮ್ಮೆ ಒಂದೇ ದನಿಯಾಗಿ ಗುನುಗುತ್ತಿದ್ದವು. ಅವನು ಎದ್ದು ಬಂದು ನನ್ನ ಬಲಗೈ ಹಿಡಿದು, ಗುನುಗುವ ಆ ಮೇಜಿನ ಮೇಲೆ ಅಂಗೈ ಕೆಳಗೆ ಮಾಡಿ ಇರಿಸಿದ.

"ತಿಳಿತೈತೇನು?"

ಅದೇ ಪ್ರಶ್ನೆ. ಎಷ್ಟೋ ಸುಗ್ಗಿಗಳ ಹಿಂದೆ ಕೇಳಿದ್ದು, ನಾನು ಹೂಂ ಎಂದದ್ದು.

"ಇಲ್ಲ," ಎಂದೆ. "ಏನೂ ತಿಳಿವಲ್ದೋ ಎರ್ರಿಸ್ವಾಮಿ."

ಅವನು ನನ್ನ ಕೈ ತೆಗೆಯಲಿಲ್ಲ. ಅದರ ಮೇಲೆ ತನ್ನ ಅಂಗೈ ಇಟ್ಟ. ಕೈಯ ಹಿಂಭಾಗಕ್ಕೆ ನನಗೆ ಇನ್ನೂ ಸ್ಪರ್ಶ ಇದೆ. ಬಿಸಿಯಾಗಿತ್ತು.